ವಾರಕ್ಕೊಂದು ನಿಜ ಕತೆ: ಕೊಡಗಲ್ಲಿ ಕೂತು ಪಾಡ್‌ಕಾಸ್ಟ್ ಮಾಡೋದು ಹೇಗೆ

ಪಾಡ್‌ಕಾಸ್ಟ್ ಮಾಡ್ಬೇಕು ಅಂತ ಹೊರಟೋರೆಲ್ಲ ಮೊದಲು ಕೇಳೋದು ಮೈಕ್ ಯಾವ್ದು ತಗೊಳ್ಳಲಿ ಅಂತ. ಮೈಕ್ ಆಮೇಲೆ. ಮೊದಲು ನಿಮ್ಮೂರಲ್ಲಿ ಒಬ್ರ ಮನೆಗೆ ಹೋಗಿ ಜಗಲೀಲಿ ಕೂತ್ಕೊಳ್ಳಿ, ಫೋನ್ ಜೇಬಲ್ಲೇ ಇರ್ಲಿ, ಬೆಲ್ಲದ ಕಾಫಿ ಕೊಟ್ರೆ ಕುಡೀರಿ, ಮಳೆ ಬಗ್ಗೆ ಕರಿಮೆಣಸಿನ ರೇಟ್ ಬಗ್ಗೆ ಏನ್ ಮಾತಾಡಿದ್ರೂ ಕೇಳಿಸ್ಕೊಳ್ಳಿ. ರೆಕಾರ್ಡ್ ಮಾಡೋದು ಎರಡನೇ ಸಲ ಹೋದಾಗ. ಮೊದಲ ದಿನಾನೇ ಫೋನ್ ಮುಂದೆ ಹಿಡಿದ್ರೆ ಜನ ಟೀವಿಯವರ ಭಾಷೆಲಿ ಮಾತಾಡಕ್ಕೆ ಶುರು ಮಾಡ್ತಾರೆ, ಆ ಭಾಷೆಲಿ ಕತೆ ಇರಲ್ಲ.

ನಾನು ಮಡಿಕೇರಿ ಕಡೆ ಇರೋನು. ಎರಡು ವರ್ಷದಿಂದ ವಾರಕ್ಕೊಂದರ ಹಾಗೆ, ನಿಜವಾಗ್ಲೂ ನಡೆದದ್ದನ್ನ ಅನುಭವಿಸಿದೋರ ಬಾಯಲ್ಲೇ ಕೇಳಿ ಆಡಿಯೋ ಮಾಡಿ ಹಾಕ್ತಾ ಇದೀನಿ. ಅದ್ರಿಂದ ಕಲ್ತಿದ್ದನ್ನೇ ಇಲ್ಲಿ ಬರೀತಿದೀನಿ.

ಯಾರ ಕತೆ ಅನ್ನೋದು ಮೊದಲ ಪ್ರಶ್ನೆ. ಕೊಡಗು ಅಂದ ತಕ್ಷಣ ಕಾರಿಯಪ್ಪ, ತಿಮ್ಮಯ್ಯ ಅಂತ ಶುರುವಾಗುತ್ತೆ, ಅವರ ಬಗ್ಗೆ ಬರೆದೋರು ಮಾತಾಡಿದೋರು ಬೇಕಾದಷ್ಟು ಜನ ಇದಾರೆ. ಗಂಡ ಗಡೀಲಿ ಇರುವಾಗ ತೋಟ, ಮಕ್ಕಳು, ಅತ್ತೆ ಮಾವ ಎಲ್ಲಾನೂ ನೋಡ್ಕೊಂಡು ಇನ್‌ಲ್ಯಾಂಡ್ ಲೆಟರ್‌ಗೆ ಕಾದು ಕೂತಿದ್ದ ಹೆಂಡತಿ ಕತೆ ನಾವು ಎಷ್ಟು ಕೇಳಿದೀವಿ? ಲೈನ್ ಮನೇಲಿ (ತೋಟದ ಕೆಲಸದೋರ ಸಾಲುಮನೆ) ಹುಟ್ಟಿ ಅಲ್ಲೇ ಮೊಮ್ಮಕ್ಕಳನ್ನ ಕಂಡೋರು, ಜುಲೈ ಮಳೇಲಿ ಕಂಬ ಹತ್ತೋ ಲೈನ್‌ಮ್ಯಾನ್, ಏಣಿ ಹಾಕಿ ಮೆಣಸು ಕುಯ್ಯೋರು, ದುಬಾರೆಲಿ ಆನೆ ನೋಡ್ಕೊಳ್ಳೋರು, ಇವರ ಹತ್ರ ಹೋಗಿ. ಇನ್ನೊಂದು ಅರ್ಜೆಂಟ್ ವಿಷ್ಯ, 1956 ನವೆಂಬರ್ 1ರ ತನಕ ಕೊಡಗು ಬೇರೆ ರಾಜ್ಯ ಆಗಿತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಆಗ ಹತ್ತು ವರ್ಷದ ಮಕ್ಕಳಾಗಿದ್ದೋರಿಗೆ ಈಗ ಎಂಬತ್ತರ ಹತ್ರ. ಅವರ ಮನೆಗೆ ಈ ವಾರಾನೇ ಹೋಗಿ ಅಂತೀನಿ.

ಇನ್ನು ಕೇಳೋ ರೀತಿ. ಇಡೀ ಕೆಲಸದ ಜೀವ ಇರೋದು ಇದ್ರಲ್ಲೇ, ಅದಕ್ಕೆ ಸ್ವಲ್ಪ ಉದ್ದಕ್ಕೆ ಹೇಳ್ತೀನಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಗುಡ್ಡ ಜಾರಿದ್ದು ಎಲ್ರಿಗೂ ಗೊತ್ತು. ಅವಾಗ ಮನೆ ಕಳ್ಕೊಂಡು ಈಗ ಬೇರೆ ಊರಲ್ಲಿರೋ ಒಬ್ರು ಅಜ್ಜಿ ಹತ್ರ ಕೂತಿದ್ದೆ. "ಆವತ್ತು ಏನಾಯ್ತು ಅಜ್ಜಿ" ಅಂದೆ. "ಏನ್ ಹೇಳೋದು ಮಗಾ, ಎಲ್ಲಾ ಹೋಯ್ತು, ದೇವರ ದಯೆ ಜೀವ ಉಳೀತು" ಅಂದ್ರು. ಮೂರು ನಿಮಿಷಕ್ಕೆ ಮುಗಿದೇ ಹೋಯ್ತು. ಬಂದೋರಿಗೆಲ್ಲ ಹೇಳಿ ಹೇಳಿ ಆ ಮಾತು ಸವೆದುಹೋಗಿತ್ತು. ಆಮೇಲೆ, "ಆ ಹೊತ್ತಲ್ಲಿ ಒಲೆ ಮೇಲೆ ಏನಿತ್ತು ಅಜ್ಜಿ" ಅಂತ ಕೇಳಿದೆ. ಸ್ವಲ್ಪ ಹೊತ್ತು ನನ್ನ ಮುಖಾನೇ ನೋಡಿದ್ರು. ಅನ್ನಕ್ಕೆ ಇಟ್ಟಿದ್ರಂತೆ, ಮೇಲಿಂದ ಗುಡುಗಿನ ಥರ ಸದ್ದು ಬಂದಾಗ ಎಲ್ರೂ ಓಡಿ ಓಡಿ ಅಂತಿದ್ರೆ ಇವರು ಒಲೆಯಿಂದ ಕೊಳ್ಳಿ ಹೊರಗೆ ಎಳೆದು ನೀರು ಹಾಕಿದ್ರಂತೆ, ಉರಿಯೋ ಒಲೆ ಬಿಟ್ಟು ಮನೆಯಿಂದ ಹೊರಡಬಾರದು ಅಂತ ಅವರತ್ತೆ ಹೇಳ್ಕೊಟ್ಟಿದ್ದು. ಆಮೇಲೆ ಕೊಟ್ಟಿಗೆಗೆ ಹೋಗಿ ಹಸು ಬಿಚ್ಚೋಣ ಅಂದ್ರೆ ಹಗ್ಗ ನೆಂದು ಗಂಟು ಬಿಗಿದುಬಿಟ್ಟಿತ್ತು, ಕತ್ತಿ ಹುಡುಕಿ ತಂದು ಕಡಿದ್ರು. "ಅದು ಮೇಲಕ್ಕೆ ಓಡ್ತು ಮಗಾ, ನಾನು ಕೆಳಕ್ಕೆ ಬಂದೆ" ಅಂದು ಸುಮ್ನಾದ್ರು.

ಆ ಗಳಿಗೇಲಿ ನಾನು ಅಯ್ಯೋ ಪಾಪ ಅಂತ ಬಾಯಿ ಹಾಕಿದ್ರೆ ಅಲ್ಲಿಗೇ ನಿಂತು ಹೋಗ್ತಿತ್ತು. ಸುಮ್ನೆ ಕೂತೆ. ರೆಕಾರ್ಡಿಂಗ್‌ನಲ್ಲಿ ನೋಡಿದ್ರೆ 14 ಸೆಕೆಂಡ್, ಕೂತಿರುವಾಗ ಅರ್ಧ ಗಂಟೆ ಆದಂಗೆ ಅನ್ಸುತ್ತೆ. ಆಮೇಲೆ ಅವರೇ ಹೇಳಿದ್ರು, "ಕೊಳ್ಳಿ ಎಳೆಯೋ ಹೊತ್ತಲ್ಲಿ ಮೊದ್ಲು ಆ ಹಸೂನ ಬಿಚ್ಚಬೇಕಿತ್ತು." ಇಷ್ಟು ವರ್ಷದಲ್ಲಿ ಆ ಮಾತನ್ನ ಅವರ ಮಗನಿಗೂ ಹೇಳಿರ್ಲಿಲ್ಲ.

ಹಂಗಾಗಿ "ಹೇಗನ್ನಿಸ್ತು" ಅನ್ನೋ ಪ್ರಶ್ನೆ ಬಿಟ್ಟುಬಿಡಿ. ಕೈಲಿ ಏನಿತ್ತು, ಯಾರು ಮೊದಲು ಮಾತಾಡಿದ್ರು, ಬಸ್ ಚಾರ್ಜ್ ಯಾರು ಕೊಟ್ರು, ಆ ರಾತ್ರಿ ಊಟ ಎಲ್ಲಾಯ್ತು, ಇಂಥದ್ದು ಕೇಳಿ. ಇಡೀ ಜೀವನ ಹೇಳಿ ಅಂದ್ರೆ ಹುಟ್ಟಿದ್ದು ಓದಿದ್ದು ಮದ್ವೆ ಆಗಿದ್ದು ಅಂತ ಪಟ್ಟಿ ಬರುತ್ತೆ, ಒಂದು ದಿನ ಹೇಳಿ ಅಂದ್ರೆ ಕತೆ ಬರುತ್ತೆ.

ಹೊರಗಡೆ ಇದನ್ನ ಮಾಡ್ಕೊಂಡು ಬಂದೋರಿಂದ ನಾನು ಎರಡು ಪದ್ಧತಿ ತಗೊಂಡಿದೀನಿ. ನ್ಯೂಯಾರ್ಕ್‌ನಲ್ಲಿ 1997ರಲ್ಲಿ ಜಾರ್ಜ್ ಡಾಸ್ ಗ್ರೀನ್ ಶುರು ಮಾಡಿದ, ಜನರ ಮುಂದೆ ನಿಂತು ಕತೆ ಹೇಳೋ ‘ದಿ ಮಾತ್’ (The Moth) ಅನ್ನೋ ಕಾರ್ಯಕ್ರಮದಲ್ಲಿ ಕತೆ ನಿಮ್ಮದೇ ಆಗಿರ್ಬೇಕು, ನಿಜ ಆಗಿರ್ಬೇಕು, ಚೀಟಿ ನೋಡ್ಕೊಂಡು ಹೇಳಂಗಿಲ್ಲ. ಮುಂದೆ ಅದು ರೇಡಿಯೋಗೂ ಪಾಡ್‌ಕಾಸ್ಟ್‌ಗೂ ಬಂತು. ನಮ್ಮಲ್ಲೂ ಮೇಷ್ಟ್ರಾಗಿದ್ದೋರು ನಾಲ್ಕು ಪುಟ ಬರ್ಕೊಂಡು ರೆಡಿಯಾಗಿ ಕೂತಿರ್ತಾರೆ, ಅವರು ಓದೋದನ್ನ ಮರ್ಯಾದೆಯಿಂದ ಪೂರ್ತಿ ಕೇಳಿ, ಆಮೇಲೆ ಹಾಳೆ ಮಡಚಿಟ್ಟು "ಈಗ ಹಂಗೇ ಹೇಳಿ ಸಾರ್" ಅನ್ನಿ. ಇನ್ನೊಂದು ಸ್ಟೋರಿಕಾರ್ಪ್ಸ್. 2003ರಲ್ಲಿ ಅಲ್ಲಿನ ಗ್ರ್ಯಾಂಡ್ ಸೆಂಟ್ರಲ್ ರೈಲ್ವೆ ಸ್ಟೇಷನ್‌ನಲ್ಲಿ ಒಂದು ಬೂತ್ ಇಟ್ಟು ಶುರುವಾಗಿದ್ದು, ಗೊತ್ತಿರೋ ಇಬ್ರು ಒಳಗೆ ಕೂತು 40 ನಿಮಿಷ ಮಾತಾಡೋದು. ನಿಮಗೆ ಬಾಯಿ ಬಿಡದೆ ಇರೋ ಅಜ್ಜ ಮೊಮ್ಮಗಳು ಕೇಳಿದ್ರೆ ಹೇಳ್ತಾರೆ, ಅವಳ ಕೈಗೆ ಪ್ರಶ್ನೆ ಕೊಟ್ಟು ನೀವು ಅಡುಗೆಮನೆ ಕಡೆ ಹೋಗಿ.

ಒಪ್ಪಿಗೆ ಎರಡು ಸಲ ತಗೊಳ್ಳಿ, ರೆಕಾರ್ಡ್ ಮಾಡೋ ಮುಂಚೆ ಒಂದ್ಸಲ, ಎಡಿಟ್ ಆದದ್ದನ್ನ ಕೇಳಿಸಿದ ಮೇಲೆ ಇನ್ನೊಂದ್ಸಲ. ನಮ್ಮದು ಚಿಕ್ಕ ಜಿಲ್ಲೆ, ಮನೆಹೆಸರು ಹೇಳಿದ್ರೆ ಸಾಕು ಯಾವ ಊರು ಯಾವ ತೋಟ ಎಲ್ಲಾ ಗೊತ್ತಾಗುತ್ತೆ. ಹೆಸರು ಬದಲಾಯಿಸಿದ್ರೆ ಸಾಲಲ್ಲ, ಊರು, ಕೆಲಸ, ಎಷ್ಟು ಜನ ಅಣ್ಣತಮ್ಮಂದಿರು ಅನ್ನೋದೂ ತೆಗೀಬೇಕು, ಹೆಸರು ಬದಲಾಯಿಸಿದೀವಿ ಅಂತ ಶುರುವಲ್ಲೇ ಹೇಳ್ಬೇಕು. ಆದ್ರೆ ನಡೆದದ್ದನ್ನ ಮಾತ್ರ ಒಂದು ಚೂರೂ ಬದಲಾಯಿಸ್ಬೇಡಿ. ಜಾಗದ ಪಾಲಿನ ಜಗಳ ಇದ್ರೆ, ಕೋರ್ಟ್‌ನಲ್ಲಿ ಇದ್ರೆ, ನಾನಂತೂ ಮುಟ್ಟಲ್ಲ.

ಈಗ ರೆಕಾರ್ಡಿಂಗ್. ಫೋನ್ ಸಾಕು. ಫ್ಲೈಟ್ ಮೋಡ್‌ಗೆ ಹಾಕಿ, ವೇವ್ (WAV, ಸದ್ದನ್ನ ಕುಗ್ಗಿಸದೆ ಇಡೋ) ಫೈಲ್ ಕೊಡೋ ಆ್ಯಪ್ ಇಟ್ಕೊಳ್ಳಿ, ಮಡಚಿದ ಟವೆಲ್ ಮೇಲೆ ಫೋನ್ ಇಟ್ಟು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಇರ್ಲಿ. ಮೋನೋ (ಒಂದೇ ಚಾನೆಲ್) ವೇವ್ ಗಂಟೆಗೆ ಹತ್ರಹತ್ರ 300 ಎಂಬಿ ತಿನ್ನುತ್ತೆ, ಜಾಗ ಇದೆಯಾ ನೋಡ್ಕೊಂಡೇ ಹೊರಡಿ. ಫ್ಯಾನ್ ಆಫ್, ಫ್ರಿಡ್ಜ್ ಆಫ್ (ವಾಪಸ್ ಹಾಕೋಕೆ ಮರೀಬೇಡಿ, ಅವರ ಹಾಲು ಒಡೆದುಹೋದ್ರೆ ಇನ್ನೊಂದ್ಸಲ ಕರೆಯಲ್ಲ). ಸಂಜೆ ಹೋದ್ರೆ ಜೀರುಂಡೆ ಸದ್ದು ಅವರ ಮಾತಿಗಿಂತ ಜೋರು ಬರುತ್ತೆ, ಬೆಳಗ್ಗೆ ಪಕ್ಕದ ತೋಟದಲ್ಲಿ ಕಳೆ ಹೊಡೆಯೋ ಮಿಷನ್, ನನಗೆ ಸರಿಹೋಗಿರೋದು ಮಧ್ಯಾಹ್ನ ಊಟ ಆದ್ಮೇಲೆ ಎರಡರಿಂದ ನಾಲ್ಕು. ಶೀಟ್ ಮನೇಲಿ ಮಳೆ ಬಂದ್ರೆ ನಿಲ್ಸಿಬಿಡಿ, ಆ ಸದ್ದನ್ನ ಆಮೇಲೆ ಮಾತು ಕೆಡದಂಗೆ ತೆಗೆಯೋದು ತುಂಬ ಕಷ್ಟ. ಮಾತು ಮುಗಿದ್ಮೇಲೆ ಎಲ್ರೂ ಸುಮ್ನಿದ್ದು ಖಾಲಿ ರೂಮಿನ ಸದ್ದು ಅರ್ಧ ನಿಮಿಷ ರೆಕಾರ್ಡ್ ಮಾಡ್ಕೊಳ್ಳಿ, ಎಡಿಟ್‌ನಲ್ಲಿ ಕತ್ತರಿಸಿದ ಜಾಗಕ್ಕೆ ಅದನ್ನ ಕೂರಿಸ್ಬೋದು.

ಎಡಿಟ್‌ಗೆ ಆಡಾಸಿಟಿ ಅನ್ನೋ ಸಾಫ್ಟ್‌ವೇರ್ ಫ್ರೀ ಇದೆ. ಒಂದು ಗಂಟೆ ಮಾತು 15 ನಿಮಿಷಕ್ಕೆ ಇಳಿಸ್ಬೇಕು, ಮೊದಲು ಕತ್ತರಿಸ್ಬೇಕಾದ್ದು ನಿಮ್ಮ ದನಿ. ಒಂದು ಪ್ರಶ್ನೆಗೆ ಬಂದ ಉತ್ತರಾನ ಇನ್ನೊಂದು ಪ್ರಶ್ನೆಗೆ ಅಂಟಿಸೋದು ಸುಳ್ಳೇ, ಚೆನ್ನಾಗಿ ಕೇಳ್ಸುತ್ತೆ ಅಂದ್ರೂ ಬೇಡ. ಹಿಂದೆ ಗುಡುಗಿನ ಎಫೆಕ್ಟ್, ಅಳೋ ಪಿಟೀಲು ಹಾಕ್ಬೇಡಿ, ಅಜ್ಜಿ ದನಿಗೆ ಅದೆಲ್ಲ ಬೇಕಾಗಿಲ್ಲ. ಆ 14 ಸೆಕೆಂಡ್ ಮೌನ ನಾನು ಹಂಗೇ ಬಿಟ್ಟೆ. ಕೊನೆಗೆ ಮೋನೋ, 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಎಂಪಿ3 ಮಾಡಿದ್ರೆ 15 ನಿಮಿಷಕ್ಕೆ 7 ಎಂಬಿ ಆಗುತ್ತೆ, ಒಂದು ಕಡ್ಡಿ ನೆಟ್‌ವರ್ಕ್ ಇರೋ ಕಡೆನೂ ಇಳಿಯುತ್ತೆ.

ಭಾಷೆ ವಿಷ್ಯ ತುಂಬ ಜನ ಕೇಳ್ತಾರೆ. ಕೊಡವ ತಕ್ಕ್, ಅರೆಭಾಷೆ, ಎರವ ಭಾಷೆ, ಯಾವುದ್ರಲ್ಲಿ ಅವರಿಗೆ ಸಲೀಸೋ ಅದ್ರಲ್ಲೇ ಹೇಳ್ಲಿ. ಕನ್ನಡದಲ್ಲಿ ಡಬ್ ಮಾಡ್ಬೇಡಿ, ಮಧ್ಯೆ ಮಧ್ಯೆ ನೀವು ಎರಡು ಮಾತು ಹೇಳಿ ದಾರಿ ತೋರ್ಸಿದ್ರೆ ಸಾಕು. ಕೊಡವ ತಕ್ಕ್‌ನಲ್ಲಿ ತಾಯಿ ಅಂದ್ರೆ ಅಜ್ಜಿ, ಅವ್ವ ಅಂದ್ರೆ ಅಮ್ಮ, ಇದನ್ನ ಮೊದಲೇ ಹೇಳದೆ ಹೋದ್ರೆ ಹೊರಗಿನ ಕೇಳುಗರಿಗೆ ಇಡೀ ಸಂಸಾರಾನೇ ತಲೆಕೆಳಗಾಗುತ್ತೆ.

ವಾರಕ್ಕೊಂದು ಅಂದ್ಮೇಲೆ ತಪ್ಪಬಾರದು, ಅದಕ್ಕೆ ಶುರು ಮಾಡೋ ಮುಂಚೆ ಆರು ಎಪಿಸೋಡ್ ಕೈಲಿಟ್ಕೊಳ್ಳಿ. ಡಿಸೆಂಬರಿಂದ ಫೆಬ್ರವರಿ ಕಾಫಿ ಕುಯ್ಲು, ಯಾರೂ ಕೂರಕ್ಕೆ ಸಿಗಲ್ಲ. ಜೂನಿಂದ ಸೆಪ್ಟೆಂಬರ್ ಮಳೆ, ಕರೆಂಟ್ ಎರಡು ಮೂರು ದಿನ ಹೋಗುತ್ತೆ. ಅಂದ್ರೆ ಮಾರ್ಚಿಂದ ಮೇ, ಆಮೇಲೆ ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದಿಂದ ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ ಬರೋ ಸುಗ್ಗಿ ಹಬ್ಬ ಪುತ್ತರಿ ತನಕ, ಈ ಎರಡು ಹೊತ್ತಲ್ಲೇ ಓಡಾಡಿ ರೆಕಾರ್ಡ್ ಮಾಡಿ ಇಟ್ಕೊಬೇಕು. ಮಳೆಗಾಲದ್ದೆಲ್ಲ ಮೇ ಕೊನೇಲೇ ಅಪ್‌ಲೋಡ್ ಮಾಡಿ ಶೆಡ್ಯೂಲ್ ಹಾಕಿಡಿ.

ರೇಡಿಯೋಲೂ ಬರ್ಬೇಕು ಅಂತ ಆಸೆ ಇದ್ರೆ ಮಡಿಕೇರಿ ಆಕಾಶವಾಣಿ 103.1 ಎಫ್ಎಂ ಇದ್ದೇ ಇದೆ, ಹೋಗಿ ಮಾತಾಡಿ. ಆದ್ರೆ ರೇಡಿಯೋಗೆ ಟೈಮ್ ಅಂದ್ರೆ ಟೈಮ್, ಅವರು ಕೊಟ್ಟ ನಿಮಿಷಕ್ಕೆ ಸರಿಯಾಗಿ ಕೂರೋ ಹಾಗೆ ಇನ್ನೊಂದು ಎಡಿಟ್ ಬೇಕಾಗುತ್ತೆ. ಮನೇಲಿ ಕೂತು ಇದೆಲ್ಲ ಆಗುತ್ತಾ ಅನ್ನೋರಿಗೆ ಒಂದು ಮಾತು, ಮೈಸೂರಲ್ಲಿ 1935ರಲ್ಲಿ ಸೈಕಾಲಜಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ರೇಡಿಯೋ ಸ್ಟೇಷನ್ ಶುರು ಮಾಡಿದ್ದೂ ಮನೆಯಲ್ಲೇ, ಆಕಾಶವಾಣಿ ಅನ್ನೋ ಹೆಸರು ಬಂದಿದ್ದೂ ಅಲ್ಲಿಂದಾನೇ.

ಎಪಿಸೋಡ್ ಹಾಕೋ ಮುಂಚೆ ಕತೆ ಹೇಳಿದೋರ ಮನೆಗೆ ಒಂದು ಸಣ್ಣ ಸ್ಪೀಕರ್ ತಗೊಂಡು ಹೋಗಿ, ಲಿಂಕ್ ಕಳ್ಸಿದ್ರೆ ಸಾಲಲ್ಲ. ಆ ಅಜ್ಜಿ ಪೂರ್ತಿ ಕೇಳಿ, ಅತ್ತೆ ಹೆಸರು ಬಂದ ಜಾಗ ಒಂದು ತೆಗಿ ಅಂದ್ರು, ಹಸು ವಿಷ್ಯ ಇರ್ಲಿ ಅಂದ್ರು. ಅಲ್ಲೇ ಕೂತು ತೆಗೆದೆ, ಇನ್ನೊಂದ್ಸಲ ಕೇಳ್ಸಿದೆ, ಆಮೇಲೆ ಶುಕ್ರವಾರ ಹಾಕಿದೆ.