ಹತ್ತನೇ ತರಗತಿ ಪರೀಕ್ಷೆಯ ಅರ್ಜಿಗೆ ಮೊದಲು ಹೆಸರು ಸರಿ ಮಾಡಿಸುವುದು: ನನ್ನ ಅನುಭವ

ಮುಂಬೈ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲಿ ಒಂದು. ಅಂಥ ಒಂದು ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತೇನೆ. ನಮ್ಮಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯ ಮಕ್ಕಳೇ ಜಾಸ್ತಿ. ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆ ಬಂದವರು. ಪಾಠದಷ್ಟೇ ಕಾಳಜಿಯಿಂದ ನಾನು ನೋಡಿಕೊಳ್ಳುವುದು ಈ ಮಕ್ಕಳ ಹೆಸರನ್ನು.

ಮಹಾರಾಷ್ಟ್ರ ಬೋರ್ಡಿನ ಎಸ್‌ಎಸ್‌ಸಿ, ಅಂದರೆ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಮೇಲೆ ವಿದ್ಯಾರ್ಥಿಯ ಹೆಸರು, ಕೊನೆಗೆ ತಂದೆಯದು. ತಾಯಿಯ ಹೆಸರಿಗೆ ಬೇರೆಯೇ ಸಾಲು. ಊರಿಂದ ತಂದ ಟಿಸಿಯಲ್ಲಿ ಎಷ್ಟೋ ಸಲ ಬರೀ ‘ಬಸವರಾಜ’ ಎಂದಿರುತ್ತದೆ. ಆಧಾರ್‌ನಲ್ಲಿ ಅಡ್ಡಹೆಸರಿನ ಜಾಗದಲ್ಲಿ ಊರಿನ ಹೆಸರು ಕೂತಿರುತ್ತದೆ. ‘ನಮ್ಮ ಅಡ್ಡಹೆಸರು ಊರಾಗ ಯಾರೂ ಕೇಳಿಲ್ರೀ ಸರ’ ಅನ್ನುತ್ತಾರೆ ತಂದೆಯರು. ನಿಜವೇ ತಾನೇ, ಅಲ್ಲಿ ಬೇಕಾಗಿರಲೇ ಇಲ್ಲ.

ಹಾಗಾಗಿ ಈ ಕೆಲಸ ನಾನು ಒಂಬತ್ತನೇ ತರಗತಿಯಲ್ಲೇ ಶುರು ಮಾಡುತ್ತೇನೆ. ಮಗು ಶಾಲೆಯಲ್ಲಿರುವಾಗ ಜನರಲ್ ರಿಜಿಸ್ಟರ್ (ಶಾಲೆಯ ದಾಖಲಾತಿ ಪುಸ್ತಕ) ತಿದ್ದಿಸಲು ಒಂದು ದಾರಿ ಇರುತ್ತದೆ. ಪ್ರಮಾಣಪತ್ರ ಅಚ್ಚಾದ ಮೇಲೆ ನವಿ ಮುಂಬೈನ ವಾಶಿಯಲ್ಲಿರುವ ಬೋರ್ಡಿನ ವಿಭಾಗೀಯ ಮಂಡಳಿಯವರೆಗೂ ಕಾಗದ ಓಡಬೇಕು. ದಿನಗೂಲಿಯವರು ಕೂಲಿ ಬಿಟ್ಟು ಎಷ್ಟು ಸಲ ಅಲೆದಾರು?

ಬೆಳಿಗ್ಗೆ ಅವರು ನಾಕಾಕ್ಕೆ, ಅಂದರೆ ಕೂಲಿ ಕೆಲಸಕ್ಕಾಗಿ ಕಾದು ನಿಲ್ಲುವ ಸರ್ಕಲ್‌ಗೆ, ಹೋಗಿಬಿಡುತ್ತಾರೆ. ಅದಕ್ಕೇ ಭಾನುವಾರ ಸಂಜೆ ನಾನೇ ಮನೆಗೆ ಹೋಗುತ್ತೇನೆ. ಟಿಸಿ, ಆಧಾರ್, ಜನನ ಪ್ರಮಾಣಪತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ಹೋಲಿಸುತ್ತೇವೆ. ಶರಣಪ್ಪನ ‘ಶ’ಗೆ ಇಂಗ್ಲಿಷಿನಲ್ಲಿ ಒಂದು ಕಡೆ ಎಸ್ ಮಾತ್ರ, ಇನ್ನೊಂದು ಕಡೆ ಎಸ್ ಮತ್ತು ಎಚ್. ಕಣ್ಣು ತಪ್ಪುವುದು ಇಲ್ಲೇ. ಜನ್ಮದಿನಾಂಕವನ್ನೂ ಆಗಲೇ ನೋಡುತ್ತೇವೆ.

ಜಾಸ್ತಿ ಹೊತ್ತು ಹಿಡಿಯುವುದು ತಾಯಿಯ ಹೆಸರು. ಮನೆಯಲ್ಲಿ ಲಕ್ಷ್ಮವ್ವ, ಕಾರ್ಡಿನಲ್ಲಿ ಲಕ್ಷ್ಮೀಬಾಯಿ. ಕೆಲವು ತಂದೆಯರು ‘ಯಾವುದಾರ ಒಂದು ಬರ್ಕೊಳ್ರೀ’ ಅಂದುಬಿಡುತ್ತಾರೆ. ನಾನು ಒಪ್ಪುವುದಿಲ್ಲ. ತಾಯಿಯನ್ನೇ ಕೂರಿಸಿ, ಅವರ ಬಾಯಿಂದಲೇ ಹೆಸರು ಕೇಳಿ, ಅವರ ಕಾರ್ಡಿನ ಪ್ರಕಾರ ಬರೆಯುತ್ತೇನೆ.

ಹತ್ತನೇ ತರಗತಿಯಲ್ಲಿ ಅರ್ಜಿಯನ್ನು ಆನ್‌ಲೈನ್ ತುಂಬಿದ ಮೇಲೆ ಅದರ ಪ್ರಿಂಟ್ ಮಕ್ಕಳ ಕೈಗೇ ಕೊಡುತ್ತೇನೆ. ಅವರು ಜೋರಾಗಿ ಓದಬೇಕು, ಆಮೇಲೆ ಸಹಿ. ಒಂದು ಪ್ರತಿ ಶಾಲೆಯ ಫೈಲಿಗೆ, ಒಂದು ಮನೆಗೆ. ಮಳೆಗಾಲದಲ್ಲಿ ಗುಡಿಸಲು ಸೋರುತ್ತದೆ, ಆದ್ದರಿಂದ ಮನೆಯ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಯೇ ಕೊಡುತ್ತೇನೆ.