ಸುಂಕ ಇಳಿದರೆ ಎಣ್ಣೆ ಪ್ಯಾಕೆಟ್ ಎಷ್ಟು ಇಳಿಯಬೇಕು? ಲೆಕ್ಕ ನೀವೇ ಹಾಕಿ

ಗಂಗಾವತಿಯಲ್ಲಿ ನನ್ನದು ದಿನಸಿ ಅಂಗಡಿ. ಅಡುಗೆ ಎಣ್ಣೆಯ ಆಮದು ಸುಂಕ ಇಳಿಯಿತು ಅಂತ ಟಿವಿಯಲ್ಲಿ ಬಂದರೆ ಸಾಕು, ಗಿರಾಕಿಗಳು ನನ್ನನ್ನೇ ಹಿಡಿಯುತ್ತಾರೆ. "ಅಣ್ಣಾರ, ಸುಂಕ ಇಳಿದೈತಂತ, ನಿಮ್ಮ ಎಣ್ಣಿ ಯಾಕ ಇಳಿದಿಲ್ಲ?" ಕೇಳುವುದರಲ್ಲಿ ತಪ್ಪೇನಿಲ್ಲ. ಅವರಿಗೆ ಬಾಯಲ್ಲಿ ಹೇಳುವ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು, ಸುಂಕ ಬದಲಾದದ್ದು ಯಾವ ಎಣ್ಣೆಗೆ ಅಂತ ನೋಡಿ. ನಮ್ಮ ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನದು. ಪಾಮ್ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದಿಂದ, ಸೋಯಾ ಎಣ್ಣೆ ಅರ್ಜೆಂಟೀನಾ, ಬ್ರೆಜಿಲ್‌ನಿಂದ, ಸೂರ್ಯಕಾಂತಿ ಎಣ್ಣೆ ರಷ್ಯಾ, ಉಕ್ರೇನ್ ಕಡೆಯಿಂದ ಬರುತ್ತದೆ. ಕೆಲವು ಹಡಗಿನಲ್ಲಿ ಕಚ್ಚಾ ಎಣ್ಣೆ, ಕೆಲವದರಲ್ಲಿ ರಿಫೈನ್ ಆದದ್ದು. ಎರಡಕ್ಕೂ ಸುಂಕ ಬೇರೆ. ಸುದ್ದಿಯಲ್ಲಿ ಇದು ಕೆಳಗೆಲ್ಲೋ ಒಂದು ಸಾಲಿನಲ್ಲಿರುತ್ತದೆ, ಹುಡುಕಿ ಓದಿ.

ಆಮೇಲೆ ಒಟ್ಟು ಸುಂಕ ಎಷ್ಟಾಯಿತು ಅಂತ ಕೂಡಿ. ದೊಡ್ಡ ಅಕ್ಷರದಲ್ಲಿ ಹಾಕುವುದು ಮೂಲ ಸುಂಕ ಮಾತ್ರ. 2024ರ ಸೆಪ್ಟೆಂಬರ್ 14ರಿಂದ ಕಚ್ಚಾ ಪಾಮ್, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಸುಂಕ ಸೊನ್ನೆಯಿಂದ ಶೇ 20ಕ್ಕೆ ಏರಿತು. ಶೇ 5ರ ಕೃಷಿ ಸೆಸ್ ಮೊದಲೇ ಇತ್ತು. ಎರಡೂ ಸೇರಿ 25. ಅದರ ಹತ್ತರಲ್ಲೊಂದು ಪಾಲು, ಅಂದರೆ 2.5, ಸಮಾಜ ಕಲ್ಯಾಣ ಸರ್ಚಾರ್ಜ್. ಒಟ್ಟು ಶೇ 27.5. ಮತ್ತೆ 2025ರ ಮೇ 30ಕ್ಕೆ ಮೂಲ ಸುಂಕ ಶೇ 10ಕ್ಕೆ ಇಳಿಯಿತು. ಇದೇ ರೀತಿ ಕೂಡಿದರೆ ಶೇ 16.5.

ಈಗ ಪ್ಯಾಕೆಟ್‌ಗೆ ಬರೋಣ. ಕಚ್ಚಾ ಸೂರ್ಯಕಾಂತಿ ಎಣ್ಣೆ ಟನ್ನಿಗೆ 1,200 ಡಾಲರ್, ಡಾಲರ್‌ಗೆ 85 ರೂಪಾಯಿ ಅಂತ ಇಟ್ಟುಕೊಳ್ಳಿ. ಬಂದರಿನಲ್ಲಿ ಕೆಜಿಗೆ 102 ರೂಪಾಯಿ ಬಿತ್ತು. ಸುಂಕ ಶೇ 27.5 ಇದ್ದಾಗ ಅದಕ್ಕೆ 28.05 ರೂಪಾಯಿ ಸೇರುತ್ತದೆ, ಶೇ 16.5 ಇದ್ದಾಗ 16.83. ವ್ಯತ್ಯಾಸ 11.22 ರೂಪಾಯಿ. ಶೇ 5ರ ಜಿಎಸ್‌ಟಿಯೂ ಇದರ ಮೇಲೆ ಬೀಳುವುದರಿಂದ 11.78 ಅನ್ನಿ. ಒಂದು ಲೀಟರ್ ಎಣ್ಣೆ ತೂಗುವುದು ಸುಮಾರು 910 ಗ್ರಾಂ. ಅಲ್ಲಿಗೆ ಲೀಟರ್ ಪ್ಯಾಕೆಟ್ ಮೇಲೆ 10 ರೂಪಾಯಿ 70 ಪೈಸೆ ಇಳಿಯಬೇಕು.

ಉಳಿದದ್ದೆಲ್ಲ ಇದ್ದಲ್ಲೇ ಇದ್ದರೆ ಈ ಲೆಕ್ಕ ಸರಿ. ಇರುವುದಿಲ್ಲವಲ್ಲ! ಡಾಲರ್ 85ರಿಂದ 88ಕ್ಕೆ ಹೋದರೆ ಸುಂಕ, ಜಿಎಸ್‌ಟಿ ಸೇರಿ ಕೆಜಿಗೆ 4 ರೂಪಾಯಿ 40 ಪೈಸೆ ವಾಪಸ್ ಏರಿಬಿಡುತ್ತದೆ. 2022ರಲ್ಲಿ ಕಚ್ಚಾ ಪಾಮ್ ಎಣ್ಣೆಯ ಒಟ್ಟು ಸುಂಕ ಬರೀ ಶೇ 5.5 ಇತ್ತು. ಆದರೂ ಉಕ್ರೇನ್ ಯುದ್ಧ, ಅದರ ಬೆನ್ನಿಗೇ ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ಹಾಕಿದ ರಫ್ತು ನಿಷೇಧ ಸೇರಿ ಎಣ್ಣೆ ಮುಟ್ಟಲಾಗದಷ್ಟು ತುಟ್ಟಿಯಾಯಿತು. ಹಾಗಾಗಿ ಸುಂಕದ ಜೊತೆ ಡಾಲರ್ ದರ, ಹೊರದೇಶದ ಟನ್ ದರ ಎರಡನ್ನೂ ನೋಡಲೇಬೇಕು.

ಇಳಿಕೆ ಎಂದು ಸಿಗುತ್ತದೆ? ಹಳೇ ಸುಂಕ ಕಟ್ಟಿ ತಂದ ಮಾಲು ಖಾಲಿಯಾದ ಮೇಲೆ. 2024ರಲ್ಲಿ ಸುಂಕ ಏರಿಸಿದಾಗ ಕೇಂದ್ರ ಸರ್ಕಾರವೇ ಇದನ್ನು ಹೇಳಿತ್ತು: ಹಳೇ ಸುಂಕದ ಎಣ್ಣೆ ಸುಮಾರು 30 ಲಕ್ಷ ಟನ್ ಇದೆ, 45ರಿಂದ 50 ದಿನಕ್ಕೆ ಸಾಕು, ಅಲ್ಲಿಯವರೆಗೆ ಎಂಆರ್‌ಪಿ ಏರಿಸಬೇಡಿ ಅಂತ. ನಮ್ಮ ಸಗಟು ವ್ಯಾಪಾರದಲ್ಲಿ ನಾನು ಕಂಡದ್ದೇ ಬೇರೆ. ಏರುವಾಗ ರಾತ್ರೋರಾತ್ರಿ ವಾಟ್ಸಾಪ್‌ಗೆ ಹೊಸ ರೇಟು ಬರುತ್ತದೆ. ಇಳಿಯುವಾಗ ಮಾತ್ರ ಎಲ್ಲರಿಗೂ ಹಳೇ ಸ್ಟಾಕ್ ನೆನಪಾಗುತ್ತದೆ. ನೀವು ಒಂದೂವರೆ ತಿಂಗಳು ಕಾದು, ಆಮೇಲೂ ಇಳಿಯದಿದ್ದರೆ ಅಂಗಡಿಯವನನ್ನು ಕೇಳಿ. ನನ್ನನ್ನೂ ಕೇಳಿ.

ಹಾಂ, ಪ್ಯಾಕೆಟ್ ಮೇಲಿನ ತೂಕವನ್ನೂ ನೋಡಿ. 910 ಗ್ರಾಂ ಪ್ಯಾಕೆಟ್ ಪಕ್ಕದಲ್ಲೇ 850, 800 ಗ್ರಾಂನವು ಇರುತ್ತವೆ. ನೋಡುವುದಕ್ಕೆ ಎಲ್ಲಾ ಒಂದೇ ತರಹ. ಬೆಲೆಯನ್ನು ಗ್ರಾಂನಿಂದ ಭಾಗಿಸಿ ಸಾವಿರದಿಂದ ಗುಣಿಸಿ, ಕೆಜಿ ದರ ಸಿಗುತ್ತದೆ.

ಇನ್ನು ನಮ್ಮಲ್ಲೇ ಎಣ್ಣೆ ಮಾಡುವವರ ಕಥೆ. ಇಲ್ಲಿ ಕಚ್ಚಾ ಎಣ್ಣೆ ಮತ್ತು ರಿಫೈನ್ ಎಣ್ಣೆಯ ಸುಂಕಗಳ ನಡುವಿನ ಅಂತರ ನೋಡಿ. 2025ರ ಮೇ ಇಳಿಕೆಯಲ್ಲಿ ರಿಫೈನ್ ಎಣ್ಣೆಯ ಸುಂಕ ಶೇ 35.75ರಲ್ಲೇ ಉಳಿಯಿತು. ಮೊದಲು 8.25 ಇದ್ದ ಅಂತರ 19.25 ಆಯಿತು. ಕಚ್ಚಾ ಎಣ್ಣೆ ತರಿಸಿ ಇಲ್ಲಿ ರಿಫೈನ್ ಮಾಡುವ, ಮಂಗಳೂರು ಬಂದರಿನ ಹತ್ತಿರದಂಥ ಕಾರ್ಖಾನೆಗಳಿಗೆ ಇದರಿಂದ ಒಳ್ಳೆಯದೇ. ಆದರೆ ಸೂರ್ಯಕಾಂತಿ ಬೆಳೆಯುವ ರೈತನ ಕಾಳಿಗೆ ಪೈಪೋಟಿ ಕೊಡುವುದೇ ಆ ಕಚ್ಚಾ ಎಣ್ಣೆ. ಒಂದೇ ಆದೇಶ, ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ಪೆಟ್ಟು. ಸುಂಕ ಜಾಸ್ತಿಯಾದರೆ ಎಣ್ಣೆ ಬೇರೆ ದಾರಿಯನ್ನೂ ಹುಡುಕುತ್ತದೆ. 2024ರ ಏರಿಕೆಯ ನಂತರ ಸಾರ್ಕ್ ದೇಶಗಳ ಒಪ್ಪಂದದಡಿ ಸುಂಕವಿಲ್ಲದೆ ನೇಪಾಳದಿಂದ ರಿಫೈನ್ ಸೋಯಾ ಎಣ್ಣೆ ಹರಿದು ಬಂತು.

ನಮ್ಮ ಕೊಪ್ಪಳ, ರಾಯಚೂರು, ಗದಗ ಕಡೆ ಒಂದು ಕಾಲಕ್ಕೆ ಎಲ್ಲಿ ನೋಡಿದರೂ ಸೂರ್ಯಕಾಂತಿ ಹೊಲ. ಈಗ ಅಲ್ಲಿ ಮೆಕ್ಕೆಜೋಳ, ಹತ್ತಿ. 1994ರಲ್ಲಿ ಶೇ 65 ಸುಂಕದ ಮೇಲೆ ಪಾಮೋಲಿನ್ ಆಮದಿಗೆ ಬಾಗಿಲು ತೆರೆದರು, 1998ರ ಹೊತ್ತಿಗೆ ಸುಂಕ ಶೇ 15ಕ್ಕೆ ಬಂದಿತ್ತು. ಎಲ್ಲಾ ತಪ್ಪನ್ನೂ ಸುಂಕದ ತಲೆಗೆ ಕಟ್ಟಲಾಗದು. 1997ರಲ್ಲಿ ಬಾಗೇಪಲ್ಲಿ ಕಡೆ ಮೊದಲು ಕಂಡ ನೆಕ್ರೋಸಿಸ್ ರೋಗವೂ ಬೆಳೆ ತಿಂದಿತು, ಗಿಳಿಗಳ ಕಾಟ ಬೇರೆ.

ಬೀದರ್ ಕಡೆ ಸೋಯಾ ಬೆಳೆಯುವವರು ಇನ್ನೊಂದು ಲೆಕ್ಕ ಹಾಕಬೇಕು. 2024ರಲ್ಲಿ ಸುಂಕ ಏರಿದರೂ ಮಾರುಕಟ್ಟೆಯಲ್ಲಿ ಸೋಯಾ ದರ 4,892 ರೂಪಾಯಿಯ ಬೆಂಬಲ ಬೆಲೆ ಮುಟ್ಟಲಿಲ್ಲ. ಯಾಕೆಂದರೆ ಕ್ವಿಂಟಲ್ ಸೋಯಾದಲ್ಲಿ ಎಣ್ಣೆ ಸುಮಾರು 18 ಕೆಜಿ, ಹಿಂಡಿ ಸುಮಾರು 80 ಕೆಜಿ. ಎಥನಾಲ್ ಕಾರ್ಖಾನೆಗಳಿಂದ ಬರುವ ಅಗ್ಗದ ಮೆಕ್ಕೆಜೋಳದ ಮೇವು ಹಿಂಡಿಯ ದರ ಕೆಡವಿತ್ತು. ಎಣ್ಣೆ ಕೆಜಿಗೆ 20 ರೂಪಾಯಿ ಏರಿದರೆ ಕ್ವಿಂಟಲ್‌ಗೆ 360 ರೂಪಾಯಿ ಬರುತ್ತದೆ. ಹಿಂಡಿ ಕೆಜಿಗೆ ಐದೇ ರೂಪಾಯಿ ಬಿದ್ದರೂ 400 ಹೋಗುತ್ತದೆ.