ಬಡಾವಣೆಯ ಪುಟ್ಟ ಪಾರ್ಕಿಗೆ ಇಬ್ಬರು ಮಕ್ಕಳೊಂದಿಗೆ

ಮೈಸೂರಿನಲ್ಲಿ ನಮ್ಮ ಮನೆಯಿಂದ ಮೂರು ಅಡ್ಡರಸ್ತೆ ದಾಟಿದರೆ ಒಂದು ಪುಟ್ಟ ಪಾರ್ಕ್ ಸಿಗುತ್ತದೆ. ಎರಡು ಉಯ್ಯಾಲೆ, ಒಂದು ಜಾರುಬಂಡೆ, ಒಂದು ಸೀಸಾ, ಅವುಗಳ ಕೆಳಗೆ ಮರಳು, ಮೂಲೆಯಲ್ಲಿ ಎರಡು ಹೊಂಗೆಮರ, ಗೇಟಿನ ಪಕ್ಕದಲ್ಲಿ ಒಂದು ನಲ್ಲಿ, ಅಲ್ಲಿರುವುದು ಇಷ್ಟೇ. ಐದು ವರ್ಷದ ಮಗಳನ್ನೂ ಎರಡೂವರೆ ವರ್ಷದ ಮಗನನ್ನೂ ಕರೆದುಕೊಂಡು ವಾರಕ್ಕೆ ಐದು ದಿನವಾದರೂ ನಾನು ಅಲ್ಲಿಗೆ ಹೋಗುತ್ತೇನೆ. ಒಂದರಿಂದ ನಾಲ್ಕು ವರ್ಷದೊಳಗಿನ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಒಂದಲ್ಲ ಒಂದು ಬಗೆಯಲ್ಲಿ ಮೈ ಆಡಿಸುತ್ತಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮಹಡಿಯ ಮೇಲಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಅದು ಆಗುವ ಮಾತಲ್ಲ.

ಆರಂಭದಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಮಗನಿಗೆ ಆಗ ಒಂದು ವರ್ಷ ನಾಲ್ಕು ತಿಂಗಳು. ಒಬ್ಬನೇ ಜಾರಿದರೆ ಬಿದ್ದಾನೆಂಬ ಭಯದಿಂದ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾನೇ ಜಾರಿದೆ. ನಡುವೆ ಅವನ ಶೂವಿನ ರಬ್ಬರ್ ಅಟ್ಟೆ ಜಾರುಬಂಡೆಯ ಅಂಚಿಗೆ ಕಚ್ಚಿಕೊಂಡಿತು; ನನ್ನ ಭಾರ ಮಾತ್ರ ನಿಲ್ಲದೆ ಮುಂದಕ್ಕೆ ಸಾಗಿತು. ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಸಣ್ಣ ಬಿರುಕು ಕಾಣಿಸಿಕೊಂಡು ಮೂರು ವಾರ ಪ್ಲಾಸ್ಟರ್ ಹಾಕಬೇಕಾಯಿತು. ಮಗು ಒಂಟಿಯಾಗಿ ಜಾರುವಾಗ ಕಾಲು ಸಿಕ್ಕಿಕೊಂಡರೆ ಅದರ ಹಗುರವಾದ ಮೈ ಅಲ್ಲೇ ನಿಂತುಬಿಡುತ್ತದೆ, ದೊಡ್ಡವರ ಭಾರ ಸೇರಿದಾಗ ಸಿಕ್ಕಿಕೊಂಡ ಕಾಲು ತಿರುಚಿ ಎಲುಬು ಮುರಿಯುತ್ತದೆ ಎಂದು ಮೂಳೆ ವೈದ್ಯರು ವಿವರಿಸಿದರು. ಕಾಪಾಡುತ್ತಿದ್ದೇನೆಂದು ನಂಬಿಕೊಂಡೇ ನಾನು ಅವನಿಗೆ ನೋವು ಮಾಡಿದ್ದೆ.

ಅಂದಿನಿಂದ, ಮಕ್ಕಳು ತಾವಾಗಿ ಹತ್ತಲಾರದ ಯಾವುದರ ಮೇಲೂ ನಾನು ಅವರನ್ನು ಎತ್ತಿ ಕೂರಿಸುವುದಿಲ್ಲ. ನಮ್ಮ ಜಾರುಬಂಡೆಗೆ ಏಳು ಮೆಟ್ಟಿಲುಗಳಿವೆ. ಪ್ಲಾಸ್ಟರ್ ತೆಗೆದು ಕಾಲು ಬಲವಾದ ಮೇಲೆ ಮಗ ಕೆಲವು ದಿನ ಮೊದಲ ಮೆಟ್ಟಿಲಿನ ಮೇಲೆ ಸುಮ್ಮನೆ ನಿಂತು, ಕಂಬಿಯನ್ನು ಬಿಗಿಯಾಗಿ ಹಿಡಿದು, ಅಕ್ಕ ಮೇಲೇರುವುದನ್ನು ನೋಡುತ್ತಿದ್ದ. ಆಮೇಲೆ ಮೂರನೆಯದರವರೆಗೆ ಹತ್ತಿ ಹಿಂದಿರುಗಿ ಬರತೊಡಗಿದ. ಇಳಿಯುವಾಗ ಮುಖ ಮೆಟ್ಟಿಲಿನ ಕಡೆಗಿರಬೇಕು, ಒಂದು ಕಾಲು ಊರಿದ ಮೇಲೆಯೇ ಇನ್ನೊಂದನ್ನು ಎತ್ತಬೇಕು ಎಂಬುದನ್ನು ಹತ್ತುವುದಕ್ಕಿಂತ ಮೊದಲು ಕಲಿಸಿದೆ. ಅವನ ಸೊಂಟದಿಂದ ಒಂದು ಗೇಣು ಹಿಂದೆ ಕೈ ಚಾಚಿ, ಮುಟ್ಟದೆ ನಿಲ್ಲುವುದು ನನಗೆ ಅತ್ಯಂತ ಕಷ್ಟದ ಕೆಲಸವಾಗಿತ್ತು. ಏಳನೆಯ ಮೆಟ್ಟಿಲು ಮುಟ್ಟಿದ ದಿನ ಅವನು ಜಾರಲೇ ಇಲ್ಲ. ಮೇಲೆ ಕುಳಿತು ಹೊಂಗೆಯ ಕೊಂಬೆಯನ್ನು ಬಹಳ ಹೊತ್ತು ನೋಡಿ, ಮೆಟ್ಟಿಲಿಳಿದು ಬಂದ.

ಮಕ್ಕಳನ್ನು ಆಡಲು ಬಿಡುವ ಮುನ್ನ ಜಾಗವನ್ನು ಪರೀಕ್ಷಿಸುವುದು ನನ್ನ ಪಾಲಿನ ಕೆಲಸ. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ತಗಡಿನ ಜಾರುಬಂಡೆ ಸಂಜೆ ನಾಲ್ಕು ಗಂಟೆಗೂ ಸುಡುತ್ತಿರುತ್ತದೆ. ದೊಡ್ಡವರ ಅಂಗೈ ಒರಟಾಗಿರುವುದರಿಂದ ನಾನು ಮುಂಗೈಯ ಒಳಭಾಗವನ್ನು ಇಟ್ಟು ನೋಡುತ್ತೇನೆ, ಆ ತಿಂಗಳುಗಳಲ್ಲಿ ಐದೂವರೆಗೆ ಮೊದಲು ಮನೆಯಿಂದ ಹೊರಡುವುದೇ ಇಲ್ಲ. ಉಯ್ಯಾಲೆಯ ಸರಪಳಿ ಮೇಲಿನ ಕೊಂಡಿಗೆ ಸೇರುವಲ್ಲಿ ಸವೆದಿದೆಯೇ ಎಂದು ಎಳೆದು ನೋಡುತ್ತೇನೆ. ಮರಳನ್ನು ಒಂದು ಕಡ್ಡಿಯಿಂದ ಕೆದಕಿ, ಗಾಜಿನ ಚೂರೋ ನಾಯಿ, ಬೆಕ್ಕಿನ ಹೊಲಸೋ ಇದ್ದರೆ ತೆಗೆದುಹಾಕುತ್ತೇನೆ. ಜಾರುಬಂಡೆಯ ಮೇಲ್ಗಟ್ಟೆಯ ಕಂಬಿಯೊಂದು ಕಿತ್ತುಹೋಗಿ ಸುಮಾರು ಒಂದು ಗೇಣು ಸಂದಿಯಾಗಿತ್ತು. ಇಂಥ ಸಂದಿಯಲ್ಲಿ ಪುಟ್ಟ ಮಗುವಿನ ಮೈ ನುಸುಳಿಹೋಗಿ ತಲೆ ಮಾತ್ರ ಸಿಕ್ಕಿಕೊಳ್ಳುತ್ತದೆ. ಒಂಬತ್ತರಿಂದ ಇಪ್ಪತ್ತಮೂರು ಸೆಂಟಿಮೀಟರ್ ನಡುವಿನ ತೆರಪುಗಳೆಲ್ಲ ಈ ಕಾರಣಕ್ಕೇ ಅಪಾಯಕರ. ನಿರ್ವಹಣೆ ನೋಡಿಕೊಳ್ಳುವವರಿಗೆ ಮೂರು ಬಾರಿ ಬರೆದುಕೊಟ್ಟೆ. ಕಂಬಿ ಬರುವವರೆಗೆ ತೆಂಗಿನ ನಾರಿನ ಹಗ್ಗವನ್ನು ಅಡ್ಡಡ್ಡ ಒತ್ತಾಗಿ ಬಿಗಿದಿದ್ದೆ.

ಕೊರಳಿನ ವಿಷಯದಲ್ಲಿ ಮನೆಯಲ್ಲಿ ಸ್ವಲ್ಪ ಮಾತುಕತೆಯಾಯಿತು. ಮಗನ ಕೊರಳಲ್ಲಿ ಕಪ್ಪುದಾರದ ತಾಯತವಿತ್ತು. ಜಾರುವಾಗ ದಾರ ಎಲ್ಲಾದರೂ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯುತ್ತದೆಂದು ಅತ್ತೆಯವರಿಗೆ ತಿಳಿಸಿದಾಗ, ಅದನ್ನು ತೆಗೆಯಲು ಅವರ ಮನಸ್ಸು ಒಪ್ಪಲಿಲ್ಲ. ಮರುದಿನ ಅವರೇ ಪಾರ್ಕಿಗೆ ಬಂದು, ಮೊಮ್ಮಗ ಹೊಟ್ಟೆಯ ಮೇಲೆ ಮಲಗಿ ಜಾರುವುದನ್ನು ನೋಡಿದರು. ಮನೆಗೆ ಬಂದವರೇ ದಾರ ಬಿಚ್ಚಿ ಅವನ ತೋಳಿಗೆ ಕಟ್ಟಿದರು.

ಬೇಲಿಯಂಚಿನಲ್ಲಿ ಗುಲಾಬಿ ಬಣ್ಣದ ಕಣಗಿಲೆ ಬೆಳೆದಿದೆ. ಅದರ ಎಲೆ, ಹೂವು, ಕಾಂಡ ಎಲ್ಲವೂ ವಿಷವಾದ್ದರಿಂದ ಅಡುಗೆಯಾಟಕ್ಕೆ ಹೊಂಗೆಯ ಎಲೆ ಮಾತ್ರ ಎಂದು ಮಗಳಿಗೆ ಗಿಡದ ಬಳಿಯೇ ನಿಲ್ಲಿಸಿ ಹೇಳಿದ್ದೇನೆ. ಉಯ್ಯಾಲೆಯ ಮುಂದೆಯೂ ಹಿಂದೆಯೂ, ಅದು ಪೂರ್ತಿ ತೂಗಿದಾಗ ಮುಟ್ಟುವ ಜಾಗಕ್ಕಿಂತ ಸಾಕಷ್ಟು ಆಚೆಗೆ, ಕಡ್ಡಿಯಿಂದ ಒಂದು ಗೆರೆ ಎಳೆಯುತ್ತೇನೆ. ಸರದಿಗೆ ಕಾಯುವವರೆಲ್ಲ ಆ ಗೆರೆಯ ಹಿಂದೆ ನಿಲ್ಲಬೇಕು. ಈಗ ಬೇರೆ ಮನೆಯ ಮಕ್ಕಳೂ ಬಂದ ಕೂಡಲೇ, "ಆಂಟಿ, ಗೆರೆ ಹಾಕಿ" ಎನ್ನುತ್ತಾರೆ. ಸರದಿಯನ್ನು ಗಡಿಯಾರದಿಂದ ಅಳೆದರೆ ಪುಟ್ಟ ಮಕ್ಕಳಿಗೆ ತಿಳಿಯುವುದಿಲ್ಲ, ಆದ್ದರಿಂದ ಒಬ್ಬರಿಗೆ ಇಪ್ಪತ್ತು ಜೀಕು ಎಂದು ಗೊತ್ತುಮಾಡಿದ್ದೇವೆ. ಕಾಯುವವರೆಲ್ಲ ಒಟ್ಟಾಗಿ ಎಣಿಸುವುದರಿಂದ ಜಗಳ ಬಹಳ ಕಡಿಮೆಯಾಗಿದೆ. ಮಗಳು ಒಂದರಿಂದ ಇಪ್ಪತ್ತರವರೆಗೆ ತಪ್ಪಿಲ್ಲದೆ ಹೇಳಲು ಕಲಿತದ್ದು ಶಾಲೆಯಲ್ಲಲ್ಲ, ಇಲ್ಲಿ.

ಹೊರಡುವಾಗಲೂ ಇದೇ ಲೆಕ್ಕ ನೆರವಿಗೆ ಬರುತ್ತದೆ. "ಐದು ನಿಮಿಷ" ಎಂದರೆ ಮಗನಿಗೆ ಏನೂ ಅರ್ಥವಾಗದು. "ಇನ್ನು ಮೂರು ಸಲ ಜಾರಿ ಹೊರಡೋಣ" ಎಂದರೆ ಮೂರು ಬೆರಳು ಎತ್ತಿ ಹಿಡಿದೇ ಮೆಟ್ಟಿಲು ಹತ್ತಲು ನೋಡುತ್ತಾನೆ. ಹತ್ತುವಾಗ ಎರಡೂ ಕೈ ಕಂಬಿಯ ಮೇಲಿರಬೇಕಾದ್ದರಿಂದ ಆ ಬೆರಳುಗಳನ್ನು ಅವನ ಪರವಾಗಿ ಈಗ ನಾನು ಹಿಡಿದು ನಿಲ್ಲುತ್ತೇನೆ, ಒಂದೊಂದು ಸಲ ಜಾರಿ ಬಂದಾಗಲೂ ಅವನೇ ಒಂದೊಂದನ್ನು ಮಡಿಸುತ್ತಾನೆ. ಕೊನೆಯ ಬೆರಳು ಮಡಿಸಿದ ಮೇಲೆ ಇಬ್ಬರೂ ನಲ್ಲಿಯ ಬಳಿ ಹೋಗಿ, ನಾನು ತಂದ ಸೋಪಿನಿಂದ ಕೈ ತೊಳೆದು, ಜೇಬಿನಲ್ಲಿ ತುಂಬಿಕೊಂಡ ಹೊಂಗೆಕಾಯಿಗಳನ್ನು ನಾಳೆಗೆಂದು ಮರದ ಬುಡದಲ್ಲಿಟ್ಟು ಬರುತ್ತಾರೆ.